ಹಳ್ಳದಲ್ಲಿ ಹೂತಿಟ್ಟ ನೀರು

ಇವತ್ತು ಮಗಳು ಹುಮನಾಬಾದಿನ ಸಂತೆಯಿಂದ ಹೊಸ ಮಡಕೆ ತಂದು ನೀರು ತುಂಬಿದಳು. ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಆ ವಾಸನೆಯನ್ನು ಹೊಗಳುತ್ತಾರೆ. ನನಗೆ ಮಾತ್ರ ಕುತ್ತಿಗೆ ನೋಯುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಂಡು ಕೇಳಿ. ಈಗೀಗ ನಿಂತವರನ್ನು ಕಂಡರೂ ನನಗೆ ದಣಿವಾಗುತ್ತದೆ.

ಇಪ್ಪತ್ತು ವರ್ಷದ ಮೇಲಿನ ಮಾತು. ಆಗ ನಾವು ಮುಡಬಿಯಲ್ಲಿದ್ದೆವು. ನನ್ನ ಗಂಡ ದೊಡ್ಡ ಜ್ವರದಿಂದ ಏಳಲೆಂದು ಅತ್ತೆ ಹರಕೆ ಹೊತ್ತಿದ್ದಳು. ಬೇಸಿಗೆಯಲ್ಲಿ ಬತ್ತಿದ ಹಳ್ಳದೊಳಗೇ ನಡೆದು ಹೋಗಿ, ಅದು ಹುಟ್ಟುವಲ್ಲಿರುವ ದೇವಿಯ ಕಲ್ಲಿಗೆ ಉಡಿ ತುಂಬಬೇಕು. ನೀರು ಇಳಿದು ಬಂದ ದಾರಿಯಲ್ಲೇ ಹತ್ತಬೇಕು. ನಡುವೆ ದಡ ಏರಿದರೆ ಹರಕೆ ಕೆಟ್ಟಂತೆ. ಹಳ್ಳವೆಂದರೆ ಬಟ್ಟೆ ಒಗೆಯುವ ಹಳ್ಳವಲ್ಲ. ಎರಡೂ ಕಡೆ ಎರಡಾಳು ಎತ್ತರದ ಕಲ್ಲಿನ ಗೋಡೆ, ಕೆಳಗೆ ಕಾದ ಮರಳು, ನೆರಳಿಗೆ ಒಂದು ಜಾಲಿಗಿಡವೂ ಇಲ್ಲ. ಗಟ್ಟಿ ಕಾಲಿನವರಿಗೆ ಎರಡು ದಿನದ ದಾರಿ. ಅತ್ತೆಯ ಮೊಣಕಾಲಿಗೆ ನಾಲ್ಕು.

ವರ್ಷವರ್ಷವೂ ಮುಂದೂಡಿದ್ದಾಯಿತು. "ಈ ಸಲ ಆಗಲಿಲ್ಲಂದ್ರ ಹರಕಿ ಹೊತ್ತಗೊಂಡೇ ಸಾಯ್ತೀನಿ ನೋಡು" ಎಂದು ಹಟ ಹಿಡಿದಳು. ಜ್ವರದಿಂದ ಎದ್ದ ಮಗರಾಯ ಹೊಲದ ಕೆಲಸವೆಂದು ಜಾರಿಕೊಂಡ. ಹರಕೆ ಅವಳದು, ತಯಾರಿ ನನ್ನದು.

ರೊಟ್ಟಿಯ ಚಿಂತೆಯಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಟು ದಿನವಿದ್ದರೂ ಕೆಡುವುದಿಲ್ಲ. ಚಿಂತೆ ನೀರಿನದು. ನಾಲ್ಕು ದಿನದ ನೀರನ್ನು ಕೊಡದಲ್ಲಿ ಹೊತ್ತು ಮರಳು ತುಳಿಯಲು ನಾನೇನು ಕೋಣವೇ? ನೆರೆಮನೆಯ ಮಸ್ತಾನ್ ಚಾಚಾ ತನ್ನ ತೊಗಲಿನ ನೀರಚೀಲ ಕೊಡಲು ಬಂದರೆ ಅತ್ತೆ ಸೆರಗನ್ನು ಮೂಗಿಗೆ ಹಿಡಿದಳು.

"ತೊಗಲಿನ್ಯಾಗಿನ ನೀರ ಕುಡದು ದೇವಿ ಮುಂದ ಹ್ಯಾಂಗ ನಿಂದರ್ಲಿ?"

ಚಾಚಾ ನಕ್ಕ. ಹೊರಗೆ ಬಂದ ಮೇಲೆ ನನಗೆ ಹೇಳಿದ, "ಬೇಟಿ, ಮುದುಕಿ ಭಾಳ ಜಿದ್ದಿ ಅದಾಳ. ನೀರ ಹೊರೂದ್ಯಾಕ? ಮೊದಲೇ ಹೋಗಿ ಅಲ್ಲಲ್ಲಿ ಹುಗದಿಟ್ಟು ಬಾ."

ಸರಿಯೆನಿಸಿತು. ಅಟ್ಟದ ಮೇಲಿಟ್ಟಿದ್ದ ಮನೆಯ ಮೂರು ಹಳೆಯ ಮಡಕೆ ತೆಗೆದೆ. ದಿನಕ್ಕೊಂದರಂತೆ ಹೊಲದ ದಾರಿಯಲ್ಲಿ ಹೊತ್ತು, ಹತ್ತಿರದ ಬಾವಿಯಲ್ಲಿ ತುಂಬಿಕೊಂಡು, ಕಲ್ಲಿನ ಸಂದಿಯಿಂದ ಹಳ್ಳಕ್ಕೆ ಇಳಿದು, ಗೋಡೆಯ ಬುಡದ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು ಬಂದೆ. ದನ ಕಾಯುವವರು ಒಡೆಯದಿರಲೆಂದು ಮಡಕೆಯ ಕೊರಳಿಗೆ ವಿಭೂತಿಯ ಮೂರು ಪಟ್ಟಿ ಎಳೆದೆ. ಭಾರೀ ಬುದ್ಧಿವಂತಳೆಂದು ಬೀಗಿದೆ. ಅತ್ತೆಗೆ ಹೇಳಲಿಲ್ಲ, ದಡ ಇಳಿದು ಬಂದ ನೀರೂ ಹರಕೆಗೆ ನಡೆಯದು ಎಂದಾಳೆಂಬ ಹೆದರಿಕೆ. "ನೀರಿನ ಚಿಂತಿ ನನಗ ಬಿಡ್ರಿ" ಎಂದೆ, ಅಷ್ಟೇ. ಹೊರಡುವ ಮೊದಲೇ ನನ್ನ ಕತ್ತು ಅರ್ಧ ಮುರಿದಿತ್ತು.

ಐದಾರು ದಿನ ಬಿಟ್ಟು ಹೊರಟೆವು. ಮೊದಲ ಮಧ್ಯಾಹ್ನಕ್ಕೇ ಅತ್ತೆಯ ಮೊಣಕಾಲು ಊದಿತು. ಜೊತೆಗಿದ್ದ ಚಂಬಿನ ನೀರು ತಳ ಕಂಡಿತ್ತು. ಮುಂದಿನ ತಿರುವಿನ ಮೊದಲ ಮಡಕೆಗೆ ತಲುಪಿದರೆ ಸಾಕೆಂದು ಅವಳನ್ನು ಎಳೆದುಕೊಂಡು ಹೋದೆ. ಹೋಗಿ ನೋಡಿದರೆ ಮಡಕೆಯ ಸುತ್ತ ಕಲ್ಲಿನ ಕಟ್ಟೆ! ಅರಿಷಿಣ, ಕುಂಕುಮ, ಹಸಿರು ಬಳೆ, ಒಡೆದ ತೆಂಗಿನಕಾಯಿ. ವಿಭೂತಿ ಕಂಡ ದನದವರು ಮಡಕೆಯನ್ನು ಒಡೆದಿರಲಿಲ್ಲ, ದೇವರನ್ನಾಗಿ ಮಾಡಿದ್ದರು.

ಮುಚ್ಚಳಕ್ಕೆ ಕೈ ಹಾಕಿದೆ. ಅತ್ತೆ ಕೈಯ ಮೇಲೆ ಫಟ್ಟನೆ ಹೊಡೆದಳು.

"ದೇವ್ರನ್ನ ಕುಡೀತೀ ಏನು, ಹುಚ್ಚಿ?"

ಮರಳಲ್ಲಿ ಕೂತು ಕೈಮುಗಿದಳು. ಬಹಳ ಹೊತ್ತು ಮಡಕೆಯನ್ನೇ ನೋಡಿದಳು. ಆಮೇಲೆ ಅಂದಳು, "ನನ್ನ ಕಾಲ ಆಗಂಗಿಲ್ಲಂತ ಅವ್ವನೇ ಎದುರ ಬಂದಾಳ ನೋಡವಾ. ಉಡಿ ಇಲ್ಲೇ ತುಂಬೂಣು. ಹರಕಿ ತೀರ್ತು. ಇನ್ನ ದಂಡಿ ಹತ್ತಬಹುದು."

ಹೂತವಳು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೀಗರ ಮನೆಯಲ್ಲಿ ಉಣ್ಣುತ್ತಾ ಕೂತು ಸಾರಿಗೆ ಉಪ್ಪು ಜಾಸ್ತಿಯೆಂದು ಹೇಳಿದವಳು ನಾನು. ಆದರೆ ಹೇಳಿದರೆ ಇನ್ನೂ ಮೂರು ದಿನ ಆ ಕಾಲನ್ನು ಎಳೆಯುತ್ತಾಳೆ, ಹಳ್ಳದಲ್ಲೇ ಬೀಳುತ್ತಾಳೆ. ಬಾಯಿ ಮುಚ್ಚಿದೆ. ನಾನು ಇಳಿದಿದ್ದ ಸಂದಿಯಿಂದಲೇ ದಡ ಹತ್ತಿಸಿ, ಬಾವಿಯ ನೀರು ಕುಡಿಸಿ, ಸಿಕ್ಕ ಬಂಡಿಯಲ್ಲಿ ಕೂರಿಸಿಕೊಂಡು ಮನೆಗೆ ಬಂದೆ. ಉಳಿದೆರಡು ಮಡಕೆ ಏನಾದವೋ, ನೋಡಲು ಹೋಗಲಿಲ್ಲ. ಸಾಯುವವರೆಗೂ ಅತ್ತೆ ದೇವಿ ಎದುರು ಬಂದ ಕತೆ ಹೇಳಿದಳು. ಪ್ರತಿ ಸಲವೂ ನಾನು ಎದ್ದು ಒಳಗೆ ಹೋದೆ. ಮುದುಕಿಗೆ ಮೋಸ ಮಾಡಿದೆನೆಂಬ ಮುಳ್ಳು ಒಳಗೇ ಉಳಿಯಿತು.

ಇವತ್ತು ಅದನ್ನೆಲ್ಲ ಮಗಳಿಗೆ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಾ ತಲೆಯೆತ್ತದೆ ಕೇಳಿದಳು, "ಅವ್ವಾ, ಮಡಕಿ ನಮ್ಮ ಮನೀದೇ ಅಲ್ಲೇನು? ಆಯಿಗ ತನ್ನ ಮಡಕಿ ಗುರ್ತ ಸಿಗಲಿಲ್ಲೇನು?"

ಎಷ್ಟೋ ವರ್ಷ ದಿನಾ ಬೆಳಿಗ್ಗೆ ತಾನೇ ತೊಳೆದು, ತುಂಬಿ, ಮುಚ್ಚಿಡುತ್ತಿದ್ದ ಮಡಕೆ. ಗುರುತು ಸಿಗದೆ ಇರುತ್ತದೆಯೇ? ಸಾಕಾಗಿತ್ತು ಅವಳಿಗೆ. ಸಾಕಾಯಿತೆಂದು ಬಾಯಿಬಿಟ್ಟು ಹೇಳುವವಳಲ್ಲ. ಒಬ್ಬರಿಗೊಬ್ಬರು ಮೋಸ ಮಾಡಿಕೊಂಡು ಒಂದೇ ಬಂಡಿಯಲ್ಲಿ ಮನೆಗೆ ಬಂದಿದ್ದೆವು.

ನಾಳೆ ಬಸವಕಲ್ಯಾಣದಲ್ಲಿ ನೆಂಟರ ಮದುವೆ. ಬರುತ್ತೀಯೇನು ಎಂದು ಮಗಳು ಕೇಳಿದಳು. ನೆಪವನ್ನು ದೇವರ ಮೇಲೆ ಹಾಕಲಿಲ್ಲ, ಬಸ್ಸಿನ ಮೇಲೂ ಹಾಕಲಿಲ್ಲ.

"ಸಾಕಾಗೇದವಾ ನನಗ," ಎಂದೆ. "ನೀ ಹೋಗಿ ಬಾ."