ಹಿಡಿಕೆ ಬಿಚ್ಚಿದ ಬಾಗಿಲು

ಆ ಸಂಜೆಯನ್ನು ನೆನೆಯಲು ಹೊರಟಾಗಲೆಲ್ಲ ನಾನು ಒಂದೇ ಕಡೆ ಬಂದು ನಿಲ್ಲುತ್ತೇನೆ: ಬೆಡ್‌ರೂಮಿನ ಬಾಗಿಲು ಟಕ್ ಎಂದ ಕ್ಷಣದಲ್ಲಿ. ಎಳೆದದ್ದು ನಾನೇ. ಒಳಗೆ ಅತ್ತೆ ಇದ್ದರು.

ಕೋಪರಿಯಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ದೀಪಾವಳಿಗೆ ಮೊದಲು ಪೇಂಟರ್ ಯಾರೂ ಸಿಗಲಿಲ್ಲ. ಒಳಗಿನ ಮೂರು ಬಾಗಿಲು ತಾನೆ, ನಾನೇ ಬಳಿಯುತ್ತೇನೆ ಎಂದೆ. ಗಂಡ ನಕ್ಕು ವಾಶಿಯ ಆಫೀಸಿಗೆ ಹೋದರು.

"ಬಿಎಸ್ಸಿ ಕೆಮಿಸ್ಟ್ರಿ ಓದಿದ್ದು ಬಾಗಿಲಿಗೆ ಬಣ್ಣ ಬಳಿಯಲಿಕ್ಕಾ ಮಾರಾಯ್ತಿ?" ಎಂದರು ಅತ್ತೆ.

"ಬಣ್ಣವೂ ಕೆಮಿಸ್ಟ್ರಿಯೇ ಅತ್ತೆ."

"ಹೌದಾ? ಹಾಗಾದ್ರೆ ಪಾಸಾಗ್ತೀಯಾ ನೋಡುವ."

ಮೊದಲ ಎರಡು ದಿನ ಅಡುಗೆಮನೆ, ಬಚ್ಚಲುಮನೆಯ ಬಾಗಿಲುಗಳಾದವು. ಮೂರನೆಯ ದಿನ ಬೆಡ್‌ರೂಮಿನದು. ಬಣ್ಣ ತಾಗಬಾರದೆಂದು ಎರಡೂ ಕಡೆಯ ಹಿಡಿಕೆ ಬಿಚ್ಚಿಟ್ಟೆ. ಚೌಕಟ್ಟಿನೊಳಗೆ ಹೋಗಿ ಕೂರುವ ಲಾಕಿನ ನಾಲಗೆ ಮಾತ್ರ ಹಾಗೇ ಇತ್ತು. ಮಧ್ಯಾಹ್ನ ಒಳಮುಖಕ್ಕೆ ಆಯಿಲ್ ಪೇಂಟ್ ಬಳಿದು, ಥಿನ್ನರ್ ಡಬ್ಬಿಯ ಬಾಯಿಗೆ ಬಟ್ಟೆ ತುರುಕಿ ರೂಮಿನ ಮೂಲೆಯಲ್ಲಿಟ್ಟೆ. ಹೊರಗೆ ಬಿಲ್ಡಿಂಗ್ ರಿಪೇರಿ ನಡೆದಿತ್ತು. ಬಿದಿರಿನ ಅಟ್ಟಣಿಗೆ ಕಟ್ಟಿ ಗೋಡೆಯ ಹಳೆಯ ಗಾರೆ ಕೆಡವುತ್ತಿದ್ದರು. ಆ ಧೂಳು ಹಸಿ ಬಣ್ಣದ ಮೇಲೆ ಕೂರಬಾರದೆಂದು ಕಿಟಕಿಯ ಗಾಜನ್ನೂ ಮುಚ್ಚಿದ್ದೆ. ಇಷ್ಟೆಲ್ಲ ಮಾಡುವಾಗ ನಾನು ಕಲಿತ ಕೆಮಿಸ್ಟ್ರಿ ಎಲ್ಲಿತ್ತೋ ಗೊತ್ತಿಲ್ಲ.

ದೇವರ ಮಂಟಪ ಇದ್ದದ್ದು ಬೆಡ್‌ರೂಮಿನಲ್ಲೇ. ಸಂಜೆ ಮಿಂದು, ದೀಪ ಹಚ್ಚಿ ಜಪಕ್ಕೆ ಕೂತರೆ ಅತ್ತೆ ಮುಗಿಯುವವರೆಗೆ ಒಂದು ಮಾತೂ ಆಡುವವರಲ್ಲ. ಊರಿನಿಂದ ಫೋನ್ ಬಂದರೂ ಇಲ್ಲ, ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಇಲ್ಲ. ಮದುವೆಯಾದ ಹೊಸದರಲ್ಲಿ ಗೊತ್ತಿಲ್ಲದೆ ಕರೆದು ಬೈಸಿಕೊಂಡಿದ್ದೆ. ಆಮೇಲೆ ಯಾವತ್ತೂ ಕರೆದವಳಲ್ಲ. ದೀಪ ಆರಬಾರದೆಂದು ಫ್ಯಾನನ್ನೂ ಹಾಕುವುದಿಲ್ಲ. ಅವತ್ತು ಸಂಕಷ್ಟಿ ಬೇರೆ, ಬೆಳಗಿನಿಂದ ಉಪವಾಸ.

ಅವರು ಒಳಗೆ ಹೋದ ಮೇಲೆ ನಾನು ಬಾಗಿಲಿನ ಹೊರಮುಖಕ್ಕೆ ಕೈಹಚ್ಚಿದೆ. ಬ್ರಷ್ ಆಡಿಸಿದಂತೆ ಬಾಗಿಲೂ ಆಡುತ್ತಿತ್ತು. ಅಲುಗದೆ ನಿಲ್ಲಲಿ ಎಂದು ಎಳೆದುಕೊಂಡೆ. ಟಕ್ ಎಂದಿತು. ಹಿಡಿಕೆ ಇಲ್ಲವಲ್ಲ ಎಂಬುದು ಆಗಲೇ ತಲೆಗೆ ಬಂತು. ಜಪ ಮುಗಿಯುವಷ್ಟರಲ್ಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರಾಯಿತು ಎಂದುಕೊಂಡು ಬಳಿಯುತ್ತ ಹೋದೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಾಗಿಲು ಒಮ್ಮೆ ಅದುರಿತು. ಮತ್ತೊಮ್ಮೆ ಅದುರಿತು. ನನಗೆ ಸಿಟ್ಟೇ ಬಂತು.

"ಅತ್ತೆ, ಮುಟ್ಟಬೇಡಿ! ಹಸಿ ಇದೆ. ಮಧ್ಯಾಹ್ನದಿಂದ ಬಳಿದದ್ದು ಹಾಳಾಗ್ತದೆ."

ಬಾಗಿಲು ಸುಮ್ಮನಾಯಿತು.

ಎಷ್ಟು ಹೊತ್ತು ಹಾಗೇ ಬಳಿಯುತ್ತಿದ್ದೆನೋ, ಹದಿನೈದು ನಿಮಿಷವೋ ಇಪ್ಪತ್ತೋ. ಒಳಗೆ ಸದ್ದಿಲ್ಲ. ಸದ್ದಿಲ್ಲದಿರುವುದೇ ಅಲ್ಲಿಯ ನಿಯಮ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯ ಹೊರಗಿನಿಂದ ಯಾರೋ ಕೂಗಿದರು. ರಿಪೇರಿ ಕೆಲಸದ ವಿಜಯಪುರದ ಕಡೆಯ ಮನುಷ್ಯ. ನಮ್ಮ ಮಾತು ಕೇಳಿ ಕನ್ನಡದವರೆಂದು ಗುರುತು ಹಿಡಿದು, ಆಗೀಗ ಕುಡಿಯಲು ನೀರು ಕೇಳುತ್ತಿದ್ದವರು.

"ಅಕ್ಕಾರ, ಆ ರೂಮಿನಾಗ ಅಮ್ಮಾರು ನೆಲದ ಮ್ಯಾಲ ಮಕ್ಕೊಂಡಾರಲ್ರಿ. ಆರಾಮ ಅದಾರಿಲ್ರಿ?"

"ಪೂಜೆಗೆ ಕೂತಿದ್ದಾರೆ ಅಣ್ಣಾ. ನಮಸ್ಕಾರ ಮಾಡ್ತಿರಬೇಕು."

"ನಾ ಬಂದಾಗಿಂದ ನೋಡಾಕತ್ತೀನ್ರಿ. ಇಷ್ಟೊತ್ತ ಎಂಥಾ ನಮಸ್ಕಾರರೀ ಅದು?"

ಆಗ ಕರೆದೆ. ಅತ್ತೆ ಎಂದೆ, ಅಮ್ಮಾ ಎಂದೆ. ಸ್ಕ್ರೂಡ್ರೈವರ್ ತೂತಿಗೆ ಹಾಕಿ ತಿರುಗಿಸಿದರೆ ಜಾರುತ್ತಿತ್ತು. ಕೈತುಂಬ ಬಣ್ಣ. ಆ ಕೆಲಸದವರು ಅಟ್ಟಣಿಗೆಯ ಬಿದಿರು ಹಿಡಿದು ಬೆಡ್‌ರೂಮಿನ ಕಿಟಕಿಗೆ ವಾಪಸು ಹೋಗಿದ್ದರು. ಅಲ್ಲಿಂದ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಮ್ಮಾರ ಕಾಲು ತಾಗಿ ಡಬ್ಬಿ ಉರುಳೇತ್ರೀ! ಎಣ್ಣಿ ದೀಪದ ಕಡೀಗೆ ಹೊಂಟೈತಿ!"

ಅವರು ಎಣ್ಣೆ ಎಂದದ್ದು ಥಿನ್ನರನ್ನು. ಗಾಜು ಒಡೆದ ಸದ್ದು. ಹೊಸ ಗಾರೆಗೆ ಹೊಡೆಯಲು ಇಟ್ಟುಕೊಂಡಿದ್ದ ಬಕೆಟ್ಟಿನ ನೀರನ್ನು ಅವರು ಗ್ರಿಲ್ಲಿನ ಸಂದಿಯಿಂದ ಎರಚಿದರಂತೆ. ನನಗೆ ಕಾಣುತ್ತಿದ್ದದ್ದು ಅರ್ಧ ಬಣ್ಣದ ಬಾಗಿಲು ಮಾತ್ರ. ಬೆಂಕಿ ಹೊತ್ತಿದರೆ ಮೊದಲು ಸದ್ದು ಬರುತ್ತದೋ ಬೆಳಕು ಬರುತ್ತದೋ ಎಂದು ಯೋಚಿಸುತ್ತ ನಿಂತಿದ್ದೆ. ನಾಚಿಕೆಯಾಗುತ್ತದೆ, ಆದರೆ ಅದನ್ನೇ ಯೋಚಿಸಿದ್ದು.

"ಆರಿತ್ರಿ! ದೀಪ ಆರಿತು!"

ಕಿಟಕಿಗೆ ಕಬ್ಬಿಣದ ಗ್ರಿಲ್. ಅವರು ಅಟ್ಟಣಿಗೆ ಇಳಿದು, ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬರಬೇಕಾಯಿತು. "ಬಾಜೂಕ ಸರೀರಿ ಅಕ್ಕಾರ" ಎಂದು ಉಳಿ, ಸುತ್ತಿಗೆಯಿಂದ ಚೌಕಟ್ಟನ್ನೇ ಸೀಳಿದರು. ಅತ್ತೆ ಮಗ್ಗುಲಾಗಿ ಬಿದ್ದಿದ್ದರು. ಜಪಮಣಿ ಬೆರಳಲ್ಲೇ ಇತ್ತು. ಇನ್ನೊಂದು ಅಂಗೈ ತುಂಬ ಬಿಳಿ ಬಣ್ಣ. ಹಿಡಿಕೆ ಇರಬೇಕಾದ ಜಾಗದ ಸುತ್ತ ಬೆರಳುಗಳು ಎಳೆದ ಗೆರೆಗಳು.

ಮುಚ್ಚಿದ ರೂಮು, ಥಿನ್ನರ್, ಖಾಲಿ ಹೊಟ್ಟೆ ಎಂದರು ಆಸ್ಪತ್ರೆಯ ಡಾಕ್ಟರ್. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು. ಓಡಿ ಬಂದ ಗಂಡ, ಬಾಗಿಲು ಹೇಗೆ ಹಾಕಿಕೊಂಡಿತು ಎಂದು ಕೇಳಿದರು. "ಗಾಳಿಗೆ" ಎಂದೆ.

ಮೂರನೇ ದಿನ ಆಕ್ಸಿಜನ್ ತೆಗೆದರು. ನಾವಿಬ್ಬರೇ ಇದ್ದಾಗ ಅತ್ತೆ ಸೋತ ದನಿಯಲ್ಲಿ ಕೇಳಿದರು: "ಬಾಗಿಲು ಗಾಳಿಗೆ ಹಾಕಿಕೊಂಡಿತು ಅಂದಿಯಂತೆ. ಗಾಳಿ ಎಲ್ಲಿತ್ತು ಮಾರಾಯ್ತಿ? ಕಿಟಕಿ ಮುಚ್ಚಿತ್ತಲ್ಲ."

"ನೀವು ಒಂದು ಸಲ ಬಾಯಿಬಿಟ್ಟು ಕರೀಬಾರ್ದಿತ್ತಾ ಅತ್ತೆ?"

"ಜಪ ಮುಗಿದಿರಲಿಲ್ಲ. ತಲೆ ತಿರುಗಿತು, ಬಾಗಿಲು ಬಡಿದೆ. ನೀನು ಮುಟ್ಟಬೇಡಿ ಅಂದಿ."

ಸಂಜೆ ಗಂಡ ಬಂದಾಗ ಎಲ್ಲ ಹೇಳಿದೆ. ಎಳೆದದ್ದು, ಗದರಿದ್ದು, ಆಮೇಲೂ ಬಳಿಯುತ್ತಿದ್ದದ್ದು. ಅವರು ಎದ್ದು ಹೊರಗಿನ ಪ್ಯಾಸೇಜಿಗೆ ಹೋದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು.

"ಅವನಿಗೆ ಯಾಕೆ ಹೇಳ್ಲಿಕ್ಕೆ ಹೋದಿ? ಇನ್ನು ಅವನು ನನ್ನನ್ನು ನಿನ್ನ ಒಟ್ಟಿಗೆ ಬಿಡುದಿಲ್ಲ."

ಹಾಗೇ ಆಯಿತು. ಆಸ್ಪತ್ರೆಯಿಂದ ಅವರನ್ನು ನೇರವಾಗಿ ಖಾರಘರದ ನಾದಿನಿಯ ಮನೆಗೆ ಕರೆದುಕೊಂಡು ಹೋದರು. ಟ್ಯಾಕ್ಸಿಯಲ್ಲಿ ನನಗೂ ಜಾಗವಿತ್ತು. ನೀನು ಬರುವುದು ಬೇಡ ಎಂದರು ಗಂಡ.