ಜೀಗುಜ್ಜೆ ಬೀಳುವ ಸದ್ದು

ಠಾಣೆಯ ಪಕ್ಕದ ಕಳವಾ ಎಂಬಲ್ಲಿದ್ದ ನಮ್ಮ ಚಾಳಿನಲ್ಲಿ ಮಳೆಗಾಲ ಬಂತೆಂದರೆ ತಗಡಿನ ಮಾಡಿನ ಮೇಲೆ ದಡ್ ಎಂದು ಜೀಗುಜ್ಜೆ ಬೀಳುತ್ತಿತ್ತು. ಮಲಗಿದ್ದವರು ಎದೆ ಹಿಡಿದುಕೊಂಡು ಏಳುವಂಥ ಸದ್ದು. ಪಕ್ಕದ ಖೋಲಿಯವರು ಮರಾಠಿಯಲ್ಲಿ ಬಯ್ಯುತ್ತಿದ್ದರು. ಅಮ್ಮ ಮಾತ್ರ ನಗುತ್ತ, ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡುತ್ತಿದ್ದಳು. ಬಿದ್ದ ಕಾಯಿಯಲ್ಲಿ ಅರ್ಧವನ್ನು ಬೈದವರ ಮನೆಗೇ ಮೊದಲು ಕೊಡುತ್ತಿದ್ದಳು. ಅವರು ಅದನ್ನು ನೀರ್‌ಫಣಸ ಎನ್ನುತ್ತಿದ್ದರು. ಹೆಸರು ಏನಾದರೇನು, ಸಂಜೆ ಹೊತ್ತಿಗೆ ಇಡೀ ಚಾಳಿನಲ್ಲಿ ಅದನ್ನೇ ಕರಿಯುವ ವಾಸನೆ.

ಪುಸ್ತಕಗಳಲ್ಲಿ ಅದಕ್ಕೆ ದೀವಿಹಲಸು ಎಂದಿರುತ್ತದೆ. ನೋಡಲು ಹಲಸಿನ ತಮ್ಮನ ಹಾಗೆ ಹಸಿರು, ಮೈತುಂಬ ಮೊಂಡು ಮುಳ್ಳು, ಕತ್ತಿ ಇಟ್ಟರೆ ಬಿಳಿ ಮೇಣ. ಆದರೆ ಒಳಗೆ ತೊಳೆಯೂ ಇಲ್ಲ, ಬೀಜವೂ ಇಲ್ಲ, ಬರೀ ತಿರುಳು. ಹೋಳು ಮಾಡಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಪೋಡಿ, ಹುಳಿಗೆ ಹಾಕಿದರೆ ಪಲ್ಯವೇ ಬೇಡ. ಅಕ್ಕಿ ಕಡಿಮೆಯಿದ್ದ ದಿನ ಅಮ್ಮ ಅದನ್ನೇ ಉಪ್ಪು ಅರಿಶಿನ ಹಾಕಿ ಬೇಯಿಸಿ ನಮ್ಮ ಹೊಟ್ಟೆ ತುಂಬಿಸಿದ್ದಾಳೆ. ಬೀಜವಿಲ್ಲದ್ದರಿಂದ ಆ ಮರ ಬೇರಿನಿಂದಲೇ ಹುಟ್ಟಬೇಕು. ಬೇರಿಗೆ ಎಲ್ಲಾದರೂ ಗಾಯವಾದರೆ ಅಲ್ಲಿಂದ ಮೊಳಕೆ ಎದ್ದೀತು. ಅಮ್ಮ ಉಡುಪಿಯ ಕಡೆಯ ತನ್ನ ತವರಿನ ಮರದಿಂದ ಅಂಥದ್ದೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಂದು ನಮ್ಮ ಖೋಲಿಯ ಹಿಂದೆ ನೆಟ್ಟಿದ್ದಳು. "ಅಲ್ಲಿರುವುದೂ ಇದೇ ಮರ, ಇಲ್ಲಿರುವುದೂ ಇದೇ ಮರ" ಎನ್ನುತ್ತಿದ್ದಳು.

ನಮ್ಮಲ್ಲಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ಸತ್ತವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗುವಾಗ ತಟ್ಟಿಯೇ ಹೋಗಬೇಕು. ಉಣ್ಣುತ್ತಿರುವವರನ್ನು ಗಾಬರಿಪಡಿಸಬಾರದು. ಪ್ರತಿ ಆಟಿಯಲ್ಲೂ ಅಮ್ಮ ನನ್ನನ್ನು ಗುರಾಯಿಸಿ ಹೇಳುತ್ತಿದ್ದಳು: "ನಾಳೆ ನನ್ನ ಎಲೆಗೆ ನಮ್ಮ ಮರದ ಜೀಗುಜ್ಜೆ ಪೋಡಿ ಹಾಕದಿದ್ದರೆ ನೋಡು, ನಾನು ಬರುವವಳೇ ಅಲ್ಲ ಮಾರಾಯ!"

ಅಮ್ಮ ತೀರಿಕೊಂಡಳು. ಮುಂದಿನ ಬೇಸಿಗೆಯಲ್ಲಿ ಚಾಳಿನ ಕಮಿಟಿಯವರು ಮರವನ್ನೂ ಕಡಿಸಿದರು. ಬೇರು ಗಟಾರ ಒಡೆಯುತ್ತದಂತೆ. ಹೇಗೂ ಚಾಳು ಕೆಡವಿ ಟವರ್ ಕಟ್ಟುತ್ತಾರೆ, ಮತ್ತೆ ಮರ ಉಳಿಸುವ ತಾಪತ್ರಯ ಯಾಕಂತೆ. ನಾನು ಕೂಗಾಡಿದೆ. ಯಾರು ಕೇಳುತ್ತಾರೆ? ಕಡಿದ ಬುಡದಿಂದ ವಾರಗಟ್ಟಲೆ ಹಾಲು ಒಸರಿತು. ನಾನು ಆ ಕಡೆಯ ಕಿಟಕಿಯನ್ನೇ ಮುಚ್ಚಿಬಿಟ್ಟೆ.

ಅಮ್ಮನಿಗೆ ಎಲೆ ಹಾಕುವ ಮೊದಲ ಆಟಿ ಬಂತು. ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಏಳುವುದೇ ಮಧ್ಯಾಹ್ನ ಕಳೆದ ಮೇಲೆ. ಪೇಟೆಯಿಂದಾದರೂ ಒಂದು ಜೀಗುಜ್ಜೆ ತಾ ಎಂದು ಹೆಂಡತಿಗೆ ಹೇಳಿದ್ದೆ. ಅವಳು ಧಾರವಾಡದವಳು, ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಕಂಡು ಇಷ್ಟಪಟ್ಟು ಮದುವೆಯಾದವರು ನಾವು. ಬಿದ್ದ ಜೀಗುಜ್ಜೆಯನ್ನು ಎತ್ತಿ ಹೆಚ್ಚುತ್ತಿದ್ದವಳು ಅತ್ತೆಯೇ, ಅವಳು ಹೋಳು ಕರಿದದ್ದೇ ಹೊರತು ಕಾಯಿ ಆರಿಸಿ ಕೊಂಡದ್ದಿಲ್ಲ. ತಂದದ್ದು ಎಳೆ ಹಲಸು. ಅದನ್ನೇ ಕರಿದು, ಬಡಿಸಿ, ಬಾಗಿಲು ಹಾಕಿ, ತಟ್ಟಿ, ಎಲ್ಲ ಮುಗಿದು ನಾನು ಬಾಯಿಗೆ ಹಾಕಿಕೊಂಡಾಗಲೇ ನಾರು ಸಿಕ್ಕಿದ್ದು.

"ಇದು ಹಲಸು!"

"ಹಸರೈತಿ, ಮುಳ್ಳೈತಿ, ಮ್ಯಾಣ ಐತಿ. ಇನ್ನೇನ ಇರಬೇಕ್ರೀ ಅದಕ್ಕ?" ಎಂದಳು. ಹೇಳುತ್ತ ಹೇಳುತ್ತ ಅವಳ ಮುಖ ಸಣ್ಣಗಾಯಿತು.

ಮರುದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ಮಾಡಿನ ಮೇಲೆ ದಡ್ ಎಂದಿತು. ಅಭ್ಯಾಸಬಲ, ಎದ್ದು ಹಿಂದಕ್ಕೆ ಹೋದೆ. ಮರವೆಲ್ಲಿದೆ? ಬುಡದ ಮೇಲೆ ಯಾರದೋ ಬಟ್ಟೆ ಒಣಗುತ್ತಿತ್ತು. ತಗಡಿನ ಮೇಲೆ ಏನೂ ಇರಲಿಲ್ಲ.

ಆಮೇಲೆ ಅದು ನಿಲ್ಲಲಿಲ್ಲ. ಊಟಕ್ಕೆ ಕೂತಾಗ, ಲೋಕಲ್ ರೈಲಿಗೆ ಹೊರಡಲು ಚಪ್ಪಲಿ ಮೆಟ್ಟುವಾಗ, ದಡ್. ಹೆಂಡತಿಗೂ ಇಲ್ಲ, ಮಗಳಿಗೂ ಇಲ್ಲ, ನನಗೆ ಮಾತ್ರ ಕೇಳುತ್ತಿತ್ತು. ಹೆಂಡತಿ ಮೊದಮೊದಲು, "ನಿಮ್ಮ ತಲಿಯೊಳಗ ಬೀಳಾಕತ್ತೈತಿ, ಎಣ್ಣಿ ಹಚ್ಕೊಳ್ರಿ" ಎಂದು ಚುಡಾಯಿಸಿದಳು. ಆಮೇಲೆ ಚುಡಾಯಿಸುವುದನ್ನೂ ಬಿಟ್ಟಳು. ಹೆದರಿಕೆ ಆಗುತ್ತಿತ್ತೇ ಎಂದು ಕೇಳಿದರೆ ಹೌದು, ಆಗುತ್ತಿತ್ತು. ಆದರೆ ಸದ್ದಿಗಲ್ಲ. ಅಮ್ಮ ಹಸಿದುಕೊಂಡು ಹೊರಗೇ ನಿಂತಿದ್ದಾಳೆ ಎಂದು ಹೆದರಿಕೆ. ನಾವು ಡೊಂಬಿವಲಿಯ ಫ್ಲ್ಯಾಟಿಗೆ ಹೋಗುವವರಿದ್ದೆವು. ಅವಳು ನೋಡದ ಮನೆ, ಅವಳಿಗೆ ಗೊತ್ತಿಲ್ಲದ ಸ್ಟೇಷನ್ನು. ಇಲ್ಲೇ ಸಿಟ್ಟು ಮಾಡಿಕೊಂಡು ಕೂತವಳು ಅಲ್ಲಿಗೆ ಹೇಗೆ ಬರುತ್ತಾಳೆ?

ಖೋಲಿ ಖಾಲಿ ಮಾಡುವ ದಿನ ಅಮ್ಮನ ಮಂಚ ಎಳೆದೆವು. ಅದರ ಅಡಿಯಲ್ಲಿ ನೆಲಕ್ಕೆ ಹಾಸಿದ ಲಾದಿಕಲ್ಲು ಎದ್ದು ನಿಂತಿತ್ತು. ಬಿರುಕಿನಿಂದ ಬೆರಳುದ್ದದ ಚಿಗುರು ಹೊರಬಂದಿತ್ತು, ಬಿಸಿಲು ಕಾಣದೆ ಬೆಳ್ಳಗೆ. ಅವಳು ತಲೆ ಇಡುತ್ತಿದ್ದ ಕಡೆ, ಸರಿಯಾಗಿ ಅಲ್ಲೇ. ಕಡಿದ ಬೇರು ಮನೆಯ ಅಡಿಗೇ ಬಂದು ಮೊಳೆತಿತ್ತು.

"ಅಯ್ಯ ಶಿವನೇ!" ಎಂದು ಹೆಂಡತಿ ಅಲ್ಲೇ ಕೂತುಬಿಟ್ಟಳು. ಆಮೇಲೆ ಯಾರಿಗೂ ಕೈ ಹಚ್ಚಗೊಡದೆ ತಾನೇ ಲಾದಿ ಎಬ್ಬಿಸಿ, ಬೇರಿನ ತುಂಡಿನ ಸಮೇತ ಬಿಡಿಸಿ, ಒದ್ದೆ ಟವೆಲಿನಲ್ಲಿ ಸುತ್ತಿದಳು. ಟೆಂಪೋದಲ್ಲಿ ಡೊಂಬಿವಲಿಯವರೆಗೂ ಅದು ಅವಳ ಮಡಿಲಲ್ಲೇ ಇತ್ತು.

ಫ್ಲ್ಯಾಟಿನ ಬಾಲ್ಕನಿಯ ಕುಂಡದಲ್ಲಿ ಅದು ಬದುಕುತ್ತದೋ ಇಲ್ಲವೋ ಎಂದು ನಾವು ಒದ್ದಾಡಿದ್ದು ಅಷ್ಟಿಷ್ಟಲ್ಲ. ಎರಡು ಎಲೆ ಬಿಟ್ಟಿತು. ಬೆರಳು ಬಿಡಿಸಿದ ಅಂಗೈಯಂಥ ಎಲೆ. ಕಾಯಿಗೆ ಇನ್ನೆಷ್ಟು ವರ್ಷವೋ!

ಈ ಸಲದ ಆಟಿಗೆ ನಾನೇ ಠಾಣೆಯ ಮಾರುಕಟ್ಟೆಗೆ ಹೋಗಿ ಜೀಗುಜ್ಜೆ ಆರಿಸಿ ತಂದೆ. ನಮ್ಮ ಮರದ್ದಲ್ಲ, ಏನು ಮಾಡುವುದು? ಹೆಂಡತಿ ಪೋಡಿ ಕರಿದು ಬಡಿಸಿದಳು. ಮಗಳು ಯಾರೂ ಹೇಳದೆಯೇ ಕುಂಡವನ್ನು ಎತ್ತಿ ತಂದು ಎಲೆಯ ಪಕ್ಕದಲ್ಲಿ ಇಟ್ಟಳು. ದೀಪ ಹಚ್ಚಿ ಮೂವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಲಿಫ್ಟಿನಿಂದ ಇಳಿದವರು, ಚಾವಿ ಮರೆತಿರಾ ಎಂದು ಕೇಳಿದರು.

ತಟ್ಟುವ ಹೊತ್ತಾದರೂ ನನ್ನ ಕೈ ಏಳಲಿಲ್ಲ. ಬಂದಿರದಿದ್ದರೆ? ಕಳವಾದಲ್ಲಿ, ಕೆಡವಿದ ಚಾಳಿನ ಮಣ್ಣಿನ ಗುಡ್ಡೆಯಲ್ಲೇ ಉಳಿದಿದ್ದರೆ? ಮಗಳು ನನ್ನನ್ನು ಸರಿಸಿ ತಾನೇ ತಟ್ಟಿದಳು. "ದಾದೀ, ಹಮ್ ಅಂದರ್ ಆಯೇಂ ಕ್ಯಾ?"

ಒಳಗೆ ಬರಲಾ ಎಂದು ಅಜ್ಜಿಯನ್ನು ಹಿಂದಿಯಲ್ಲಿ ಕೇಳುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ. ಒಳಗಿನಿಂದ ದಡ್ ಎಂದಿತು.

ಹೆಂಡತಿಯ ಉಗುರು ನನ್ನ ಮಣಿಕಟ್ಟಿನಲ್ಲಿ ನಾಟಿತು. "ಕೇಳಿಸ್ತೇನ್ರೀ?" ಎಂದಳು. ಅವಳೇ ನನ್ನನ್ನು ಕೇಳಿದಳು.

ಒಳಗೆ ಏನೂ ಬಿದ್ದಿರಲಿಲ್ಲ. ದೀಪ ಉರಿಯುತ್ತಿತ್ತು, ಕುಂಡ ಇಟ್ಟಲ್ಲೇ ಇತ್ತು. ತಲೆಯ ಮೇಲೆ ಇನ್ನೊಬ್ಬರ ಮನೆ, ತಗಡಿನ ಮಾತೇ ಇಲ್ಲ. ನಾನು ಗೋಡೆಗೆ ಒರಗಿ ಮಗುವಿನ ಹಾಗೆ ಅಳುತ್ತಿದ್ದೆ. ಹೆಂಡತಿ ಸೆರಗು ಹೊದ್ದು ಎಲೆಯ ಮುಂದೆ ಕೂತಳು. ಪೋಡಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

"ಈ ಸಲ ಹಲಸ ಅಲ್ರಿ ಅತ್ತಿ" ಎಂದಳು. "ಉಣ್ರಿ."