ಮೂರನೇ ನಂಬರಿನ ಗೋಲು

ಅಮೆರಿಕದ ಟಕ್ವಿಲಾ ಎಂಬ ಊರಿನ ದೊಡ್ಡ ಮಾಲ್‌ನ ಹಿಂದೆ, ಗೋದಾಮುಗಳ ಸಾಲಿನಲ್ಲಿದ್ದ ಆ ಆಫೀಸಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಹನ್ನೆರಡು ಜನರ ಹೆಸರು, ಒಂದೊಂದು ಹೆಸರಿನ ಮುಂದೆಯೂ ಅವರು ಮಾಡಿದ ತಪ್ಪುಗಳ ಲೆಕ್ಕ. ಕೆಲವರದು ಒಂಬತ್ತು, ಒಬ್ಬನದು ಹದಿನಾಲ್ಕು. ಅಪ್ಪಣ್ಣನ ಹೆಸರಿನ ಮುಂದೆ ಮಾತ್ರ ಸೊನ್ನೆ. ಹನ್ನೊಂದು ತಿಂಗಳಿಂದ ಸೊನ್ನೆ. ಐವತ್ತೇಳು ದಾಟಿದವನಿಗೆ ಒಂದು ಸೊನ್ನೆಯ ಮೇಲೆ ಇಷ್ಟೊಂದು ಮೋಹ ಹುಟ್ಟಬಾರದು, ಆದರೆ ಹುಟ್ಟಿತ್ತು.

ಅವನ ಕೆಲಸವೇನೆಂದು ಕೇಳಿದವರು ನಗುತ್ತಿದ್ದರು. ಟಿವಿ ಮುಂದೆ ಕೂತು ಫುಟ್‌ಬಾಲ್ ನೋಡುವುದು, ಅದಕ್ಕೊಂದು ಸಂಬಳ. ಆದರೆ ಕೂತು ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಜೋಡಿಯಲ್ಲಿ ಒಬ್ಬರು ಹೇಳಬೇಕು, ಇನ್ನೊಬ್ಬರು ಅದೇ ಟಿವಿ ನೋಡುತ್ತ ಕಂಪ್ಯೂಟರಿನಲ್ಲಿ ಒತ್ತಬೇಕು. "ಏಳು, ಪಾಸ್. ಹನ್ನೊಂದು, ತಲೆ. ನಾಲ್ಕು, ಫೌಲ್." ಚೆಂಡು ಮುಟ್ಟಿದವನ ನಂಬರು, ಮಾಡಿದ್ದೇನು, ಇಷ್ಟೇ. ತೊಂಬತ್ತು ನಿಮಿಷ ಉಸಿರು ಬಿಡದೆ. ಅದು ಕ್ಷಣಾರ್ಧದಲ್ಲಿ ಪತ್ರಿಕೆಗಳಿಗೆ, ಕ್ಲಬ್‌ಗಳಿಗೆ, ಯಾರ್‍ಯಾರದೋ ಫೋನುಗಳಿಗೆ ಹೋಗುತ್ತಿತ್ತು. ಹೇಳುವವನು ಅಪ್ಪಣ್ಣ. ಒತ್ತುವವಳು ಜಾಹ್ನವಿ, ಮೈಸೂರಿನವಳು, ಮೂವತ್ತೆರಡರ ಹೆಣ್ಣುಮಗಳು. ಗಂಡನ ವೀಸಾದ ಮೇಲೆ ಬಂದು ಆರು ವರ್ಷ ಮನೆಯಲ್ಲೇ ಕೂತಿದ್ದವಳಿಗೆ, ಹೆಂಡತಿಯರಿಗೂ ಕೆಲಸದ ಪರವಾನಗಿ ಕೊಡಬಹುದೆಂದು ಸರ್ಕಾರ ಹೇಳಿದ ಮೇಲೆ ಸಿಕ್ಕ ಮೊದಲ ಕೆಲಸ ಇದು.

ಅಪ್ಪಣ್ಣನಿಗೆ ಇದು ಹೊಸ ವಿದ್ಯೆಯಲ್ಲ. ಬೆಳಗಾವಿಯಲ್ಲಿ ಹಗಲು ಮುನ್ಸಿಪಾಲಿಟಿಯ ನೀರಿನ ವಿಭಾಗದ ಗುಮಾಸ್ತ, ಸಂಜೆ ಮಳೆಗಾಲದ ಲೀಗ್ ಪಂದ್ಯಗಳಲ್ಲಿ ಆಟ ಬರೆದುಕೊಳ್ಳುವವನು. ಅಲ್ಲಿ ಹತ್ತು ನಿಮಿಷಕ್ಕೆ ಹುಡುಗರ ಬೆನ್ನೆಲ್ಲ ಕೆಂಪು ಕೆಸರಾಗಿ ನಂಬರು ಮಾಯವಾಗುತ್ತಿತ್ತು. ಅಪ್ಪಣ್ಣ ನಂಬರು ನೋಡುತ್ತಲೇ ಇರಲಿಲ್ಲ, ನಡಿಗೆ ನೋಡುತ್ತಿದ್ದ. ಒಬ್ಬ ಹಿಮ್ಮಡಿ ಎತ್ತಿ ಓಡುವವ, ಒಬ್ಬ ಭುಜ ಬೀಸುವವ. "ಮುಖ ಮರೆತೇನು, ನಡಿಗಿ ಮರೆಯಾಂವ ಅಲ್ಲ" ಎನ್ನುವುದು ಅವನ ಜಂಬದ ಮಾತು. ತಂಗಿ ಹಾಕಿದ ಅರ್ಜಿ ಹದಿಮೂರು ವರ್ಷಕ್ಕೆ ಫಲಿಸಿ, ಅವನೂ ಹೆಂಡತಿ ಗೌರಾದೇವಿಯೂ ಈ ದೇಶಕ್ಕೆ ಬಂದಾಗ ಅವನಿಗೆ ಐವತ್ತನಾಲ್ಕು. ಎರಡು ವರ್ಷ ಗೋದಾಮಿನಲ್ಲಿ ಡಬ್ಬ ಹೊತ್ತ. ಆಮೇಲೆ ಈ ಕೆಲಸ ಸಿಕ್ಕಿತು. ಇಲ್ಲಿ ಮಾತ್ರ ಅವನು ಡಬ್ಬ ಹೊರುವ ಮುದುಕನಲ್ಲ, ಸೊನ್ನೆ ತಪ್ಪಿನ ಅಪ್ಪಣ್ಣ.

ಯಾರಿಗೂ ಹೇಳದ ಸಂಗತಿಯೊಂದಿತ್ತು. ಅವನ ಕಣ್ಣು ಹೋಗುತ್ತಿತ್ತು.

ಪೂರ್ತಿ ಕತ್ತಲೆಯಲ್ಲ. ಎದುರಿಗೆ ನೆಟ್ಟಗೆ ನೋಡಿದರೆ ನಡುವೆ ಒಂದು ಬೂದಿ ಬಣ್ಣದ ಕಲೆ. ಅಂಚಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಓಡುವ ಕಾಲು ಕಾಣುತ್ತಿತ್ತು, ಬೆನ್ನ ಮೇಲಿನ ನಂಬರು ಕರಗಿಹೋಗುತ್ತಿತ್ತು. ಅದಕ್ಕೇ ಅವನು ಕೋಳಿಯ ಹಾಗೆ ಕತ್ತು ಓರೆ ಮಾಡಿ ಟಿವಿ ನೋಡುತ್ತಿದ್ದ. ಆಫೀಸಿನವರು ಅದನ್ನು ಅವನ ಸ್ಟೈಲ್ ಅಂದುಕೊಂಡಿದ್ದರು. ಮಂಡಿನೋವು ಎಂದು ಹೇಳಿ ಕಾರು ಓಡಿಸುವುದನ್ನು ಬಿಟ್ಟು ಬಸ್ಸು ಹತ್ತಿದ. ಬಾಯಿಪಾಠ ಚೆನ್ನಾಗಿ ಆಗುತ್ತದೆಂದು ಹೇಳಿ ಆಟಗಾರರ ಪಟ್ಟಿಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ಹೆಂಡತಿಯಿಂದ ಓದಿಸಿದ. ಗೌರಾದೇವಿ ಒಂದು ಕೈಯಲ್ಲಿ ಸೌಟು ಹಿಡಿದು, ದಕ್ಷಿಣ ಅಮೆರಿಕದ ಹೆಸರುಗಳನ್ನೆಲ್ಲ ನಮ್ಮ ಸಂತೆಯ ಹೆಸರು ಮಾಡಿ ಓದುತ್ತಿದ್ದಳು. ಡಾಕ್ಟರ ಹತ್ತಿರ ಹೋದರೆ ಏನು ಹೇಳುತ್ತಾರೋ ಎಂಬ ಹೆದರಿಕೆಗೆ ಅವನು ಹೋಗಲೇ ಇಲ್ಲ. ಹೆದರಿದವನಿಗೆ ಓದಿಸಲು ಹೆಂಡತಿ, ಓಡಾಡಲು ಬಸ್ಸು ಇದ್ದರೆ ದಿನ ತಳ್ಳಬಹುದು.

ಆ ಎರಡು ಸಾವಿರದ ಹದಿನೇಳರ ವರ್ಷ ಅವರ ಜೋಡಿಗೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ಕಪ್ ಬಂತು. ದೊಡ್ಡ ಹೆಸರಿನ ತಂಡಗಳೆಲ್ಲ ಮುಂದಿನ ಸುತ್ತುಗಳಲ್ಲಿ. ಅವರ ಆಟ ಎಲ್ಲರೂ ನೋಡಿರುತ್ತಾರೆ. ಮೊದಲ ಸುತ್ತುಗಳದೇ ಪೀಕಲಾಟ. ಹೆಸರೇ ಕೇಳದ ಊರುಗಳ ಹೆಸರೇ ಕೇಳದ ತಂಡಗಳು. ಒಂದು ಆಟ ಇವರ ಊರಿನಲ್ಲಿ, ಒಂದು ಅವರ ಊರಿನಲ್ಲಿ, ಎರಡೂ ಸೇರಿಸಿ ಸೋತವರು ಮನೆಗೆ. ಇಪ್ಪತ್ತೆರಡು ಅಪರಿಚಿತರ ನಡಿಗೆ ಕಲಿಯಲು ಅಪ್ಪಣ್ಣನಿಗೆ ಮೊದಲ ಆಟ ಒಂದೇ ದಾರಿ. ಆ ಮೊದಲ ಆಟದಲ್ಲಿ ಅವನು ಅರ್ಧಕ್ಕರ್ಧ ಅಂದಾಜಿನಲ್ಲಿ ಹೇಳುತ್ತಿದ್ದ. ಮರುದಿನ ಒಂದೂ ದೂರು ಬರುತ್ತಿರಲಿಲ್ಲ. ಅಂದಾಜು ನಾಲ್ಕು ಸಲ ಸರಿಹೋದರೆ ಅದನ್ನು ಯಾರೂ ಅಂದಾಜು ಅನ್ನುವುದಿಲ್ಲ, ಅನುಭವ ಅನ್ನುತ್ತಾರೆ. ಅಪ್ಪಣ್ಣನೂ ಹಾಗೆಯೇ ಅಂದುಕೊಂಡ.

ಜಾಹ್ನವಿ ಹೆಚ್ಚು ಮಾತಿನವಳಲ್ಲ. ಆಟದ ನಡುವಿನ ಬಿಡುವಿನಲ್ಲಿ ಕಾಫಿ ತಂದರೆ ಮೇಜಿನ ಮೇಲೆ ಇಡದೆ ಅವನ ಕೈಗೇ ಕೊಡುತ್ತಿದ್ದಳು. ದೊಡ್ಡವರೆಂದರೆ ಗೌರವ, ಒಳ್ಳೆಯ ಮನೆತನದ ಹುಡುಗಿ ಎಂದು ಅವನು ಗೌರಾದೇವಿಯ ಮುಂದೆ ಹೊಗಳಿದ್ದ.

ಮಾರ್ಚಿನಲ್ಲಿ ಪರಾಗ್ವೆಯ ಒಂದು ಸಣ್ಣ ತಂಡದ ಮೊದಲ ಆಟ ಆಯಿತು. ಅದರಲ್ಲಿ ಅನ್ಸೆಲ್ಮೊ ಎಂಬ ಮೂವತ್ತನಾಲ್ಕರ ರಕ್ಷಣಾ ಆಟಗಾರನಿದ್ದ, ಮೂರನೇ ನಂಬರು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಮೇಲೆ ಹಾರುವ ಮುಂಚೆ ಎರಡು ಗಿಡ್ಡ ಹೆಜ್ಜೆ ಇಡುತ್ತಿದ್ದ. ಬೆಳಗಾವಿಯಲ್ಲಿ ಹೀಗೇ ಹಾರುತ್ತಿದ್ದ ತಿಪ್ಪಣ್ಣ ಎಂಬ ಹುಡುಗನ ನೆನಪಾಗಿ ಅಪ್ಪಣ್ಣನಿಗೆ ಆ ಮನುಷ್ಯನ ಮೇಲೆ ಅಕ್ಕರೆಯೇ ಹುಟ್ಟಿತು.

ಎರಡನೆಯ ಆಟ ಮೇ ತಿಂಗಳಲ್ಲಿ, ಎದುರಾಳಿಗಳ ಊರಿನಲ್ಲಿ. ಟಕ್ವಿಲಾದಲ್ಲಿ ಮಧ್ಯಾಹ್ನದ ಬಿಸಿಲು, ಟಿವಿಯಲ್ಲಿ ಧೋ ಎಂದು ಮಳೆ. ಒಂದು ಗೋಲು ಹೊಡೆದರೆ ಪರಾಗ್ವೆಯವರು ಮುಂದಿನ ಸುತ್ತಿಗೆ, ಇಲ್ಲದಿದ್ದರೆ ಮನೆಗೆ. ಎಂಬತ್ತೆಂಟನೇ ನಿಮಿಷದಲ್ಲಿ ಮೂಲೆಯಿಂದ ಚೆಂಡು ಬಂತು. ಕೆಸರಾದ ಏಳೆಂಟು ಬೆನ್ನುಗಳು ಒಟ್ಟಿಗೆ ಎದ್ದವು. ಅಪ್ಪಣ್ಣ ಕತ್ತು ಓರೆ ಮಾಡಿದ. ಎರಡು ಗಿಡ್ಡ ಹೆಜ್ಜೆ ಕಂಡವು.

"ಮೂರು! ತಲೆ! ಗೋಲು!" ಎಂದು ಕೂಗಿದ.

ಜಾಹ್ನವಿಯ ಬೆರಳು ಒತ್ತಿತು. ದಾಖಲೆಯಲ್ಲಿ ಎಂಟನೇ ನಂಬರು ಎಂದು ಬಿತ್ತು.

ಮರುದಿನವೇ ಆ ಕ್ಲಬ್ಬಿನವರ ಪತ್ರ ಬಂತು. ಗೋಲು ನಮ್ಮ ಅನ್ಸೆಲ್ಮೊನದು, ಹದಿನಾರು ವರ್ಷದ ಆಟದಲ್ಲಿ ಅವನ ಮೊದಲನೆಯದು, ದಯವಿಟ್ಟು ಸರಿ ಮಾಡಿ ಎಂದು. ಮ್ಯಾನೇಜರ್ ಡೆನಿಸ್ ವಿಡಿಯೋ ನೋಡಿ ಐದೇ ನಿಮಿಷದಲ್ಲಿ ಸರಿ ಮಾಡಿದಳು. ಗೋಲು ಸೇರಬೇಕಾದವನಿಗೆ ಸೇರಿತು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆಫೀಸಿನ ಪದ್ಧತಿ ಪ್ರಕಾರ ಯಾವ ತಪ್ಪೇ ಆಗಲಿ, ಅದು ಹೇಳುವವನ ಲೆಕ್ಕಕ್ಕೆ ಹೋಗುತ್ತದೆ. ಗೋಡೆಯ ಹಾಳೆಯಲ್ಲಿ ಅಪ್ಪಣ್ಣನ ಸೊನ್ನೆ ಅಳಿಸಿ ಒಂದು ಬರೆದರು. ಅವನಿಗೆ ಅದು ಕಾಣಲಿಲ್ಲ, ಬೇರೆಯವರು ಹೇಳಿದರು.

ಅಪ್ಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಹೇಳಿದ್ದೆಲ್ಲ ಮೈಕಿನಲ್ಲಿ ರೆಕಾರ್ಡ್ ಆಗುತ್ತದೆ. ಆಡಿಯೋ ತೆಗೆದು ಕೇಳಿ ಎಂದು ಡೆನಿಸ್‌ಳಿಗೆ ಹೇಳಿಯೇಬಿಟ್ಟ. ಸಂಜೆ ಬಸ್ ಸ್ಟಾಪಿಗೆ ಜಾಹ್ನವಿ ಓಡಿಬಂದಳು.

"ಅಂಕಲ್, ಪ್ಲೀಸ್, ಆಡಿಯೋ ರಿಕ್ವೆಸ್ಟ್ ವಾಪಸ್ ತಗೊಳ್ಳಿ. ನಾನೇ ತಪ್ಪು ಒತ್ತಿದ್ದು ಅಂತ ಡೆನಿಸ್‌ಗೆ ಹೇಳ್ತೀನಿ."

"ಅದಕ್ಕ್ಯಾಕ ಹೆದರ್ತಿ ತಂಗಿ? ಒಂದ್ ಬಟನ್ ತಪ್ಪಾತು ಅಂತ ಯಾರೂ ಕುತ್ತಿಗಿ ಕೊಯ್ಯೂದಿಲ್ಲ. ನನ್ನ ಹೆಸರಿನ ಮ್ಯಾಲೆ ಯಾಕ ಇರಬೇಕು ಅದು?"

"ಒಂದ್ಸಲ ತೆಗೆದ್ರೆ ಒಂದೇ ಮ್ಯಾಚ್ ಕೇಳಲ್ಲ ಅಂಕಲ್. ಎಲ್ಲಾ ಚೆಕ್ ಮಾಡ್ತಾರೆ."

"ಮಾಡ್ಲಿ! ಎಲ್ಲಾ ಮಾಡ್ಲಿ! ನಂದೇನೈತಿ ಮುಚ್ಚಿಡೂದು?"

ಕಣ್ಣೇ ಕಾಣದವನು ಹಾಗೆ ಎದೆ ತಟ್ಟಿ ಹೇಳಿದ. ಬಸ್ಸು ಬಂತು. "ನಿಮ್ದೇ ಬಸ್ ಅಂಕಲ್, ಹತ್ತಿ" ಎಂದಷ್ಟೇ ಹೇಳಿದಳು ಜಾಹ್ನವಿ. ಹನ್ನೊಂದು ತಿಂಗಳಿಂದ ಆಕೆ ಹಾಗೆಯೇ ಹೇಳಿ ಹತ್ತಿಸುತ್ತಿದ್ದಳು. ಅವನಿಗೆ ಅದೂ ಗೌರವವೇ ಆಗಿ ಕಂಡಿತ್ತು.

ನಾಲ್ಕನೇ ದಿನ ಡೆನಿಸ್ ಇಬ್ಬರನ್ನೂ ಕರೆದಳು. ಆರು ಆಟಗಳ ಆಡಿಯೋ, ಆರು ಆಟಗಳ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಳು. ಅಪ್ಪಣ್ಣ ಹೇಳಿದ್ದಕ್ಕೂ ಜಾಹ್ನವಿ ಒತ್ತಿದ್ದಕ್ಕೂ ನಲವತ್ತಮೂರು ಕಡೆ ವ್ಯತ್ಯಾಸವಿತ್ತು. ವಿಡಿಯೋ ನೋಡಿದರೆ ನಲವತ್ತೆರಡು ಕಡೆ ಒತ್ತಿದವಳೇ ಸರಿ. ಒಂದೇ ಒಂದು ಕಡೆ ಹೇಳಿದವನು ಸರಿ. ಅದು ಅನ್ಸೆಲ್ಮೊನ ಗೋಲು.

ಡೆನಿಸ್ ಏನೇನೋ ಹೇಳುತ್ತಲೇ ಇದ್ದಳು. ಅಪ್ಪಣ್ಣನಿಗೆ ನಲವತ್ತೆರಡು ಎಂಬುದೊಂದೇ ಕಿವಿಯಲ್ಲಿ ಉಳಿಯಿತು. ಗೋಡೆಯ ಮೇಲಿದ್ದ ಸೊನ್ನೆ ತನ್ನದಾಗಿರಲಿಲ್ಲ. ಬೆಳಗಾವಿಯ ಕೆಸರು, ನಡಿಗೆ, ಅನುಭವ, ಜಂಬ, ಎಲ್ಲವನ್ನೂ ಪಕ್ಕದಲ್ಲಿ ಕೂತವಳು ಸದ್ದಿಲ್ಲದೆ ಹೊತ್ತಿದ್ದಳು.

ಹೇಳಿದ್ದನ್ನೇ ಒತ್ತಬೇಕು, ಅನುಮಾನವಿದ್ದರೆ ಅದಕ್ಕೊಂದು ಬೇರೆ ಬಟನ್ನಿದೆ, ಅದನ್ನು ಒತ್ತಬೇಕು ಎನ್ನುವುದು ನಿಯಮ. ಒತ್ತಿದ್ದರೆ ಒಂದು ವಾರದೊಳಗೆ ಅಪ್ಪಣ್ಣನ ಕಣ್ಣಿನ ಕಥೆ ಹೊರಗೆ ಬೀಳುತ್ತಿತ್ತು. ಅದಕ್ಕೇ ಆಕೆ ಒತ್ತಿರಲಿಲ್ಲ. ನಲವತ್ತಮೂರು ಸಲ ನಿಯಮ ಮುರಿದವಳೆಂದು ಜಾಹ್ನವಿಯ ಕೆಲಸ ಅಂದೇ ಹೋಯಿತು. ಅಪ್ಪಣ್ಣ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಗೋಗರೆದ. ಕಣ್ಣು ನನ್ನದು ಸರಿಯಿಲ್ಲ, ಆಕೆಯದೇನೂ ತಪ್ಪಿಲ್ಲ, ನನ್ನನ್ನು ಕಳಿಸಿ ಎಂದ. ಡೆನಿಸ್ ಕೆಟ್ಟವಳಲ್ಲ, ಅವನ ಕೈ ಮೇಲೆ ಕೈಯಿಟ್ಟಳು. ಆದರೆ ನಿಯಮ ನಿಯಮವೇ ಎಂದಳು. ಅವನು ತನ್ನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟು ಬಂದ. ಅದರಿಂದ ಜಾಹ್ನವಿಗೆ ಆದ ಉಪಕಾರ ಏನೂ ಇಲ್ಲ.

ಮನೆಯಲ್ಲಿ ಗೌರಾದೇವಿ ಎಲ್ಲ ಕೇಳಿದಳು. ಅಳಲಿಲ್ಲ.

"ನಿಮ್ಮ ಕಣ್ಣಿಂದು ನನಗ ಗೊತ್ತಿರಲಿಲ್ಲಂತ ತಿಳಕೊಂಡೀರೇನು? ಎರಡ ವರ್ಷಾತು, ತಾಟಿನಾಗಿನ ಕರಿಬೇವು ಆರಿಸಿಟ್ಟು ಬಡಸ್ತೀನಿ. ನೀವ ಹೇಳ್ತೀರಿ ಅಂತ ಸುಮ್ನಿದ್ದೆ."

"ಎಲ್ಲಾರೂ ಸುಮ್ನಿದ್ರಿ" ಎಂದ ಅಪ್ಪಣ್ಣ. ಸಿಟ್ಟು ಮಾಡಬೇಕೆಂದಿದ್ದ, ಆಗಲಿಲ್ಲ.

"ಸುಮ್ನಿರೂ ಹಂಗ ಮಾಡಿದಾಂವ ಯಾರು? ಅದೂ ಹೇಳ್ರಿ" ಎಂದಳು ಗೌರಾದೇವಿ. "ಏಳ್ರಿ. ಆ ಹುಡುಗಿ ಮನಿಗೆ ಹೋಗೂಣು."

ಶನಿವಾರ ಬೆಳಗ್ಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಇಬ್ಬರೂ ಎರಡು ಬಸ್ಸು ಬದಲಿಸಿ ಹೋದರು. ಬಾಗಿಲು ತೆರೆದ ಜಾಹ್ನವಿ ಗಾಬರಿಯಾದಳು. ಗಂಡ ಕೆಲಸಕ್ಕೆ ಹೋಗಿದ್ದ, ಮಗ ನೆಲದ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದ.

"ಅಯ್ಯೋ, ಕಾಲ್ ಮಾಡಿದ್ರೆ ನಾನೇ ಪಿಕಪ್ ಮಾಡ್ತಿದ್ನಲ್ಲ ಅಂಕಲ್! ಬಸ್ಸಲ್ಲಿ ಹೇಗೆ ಬಂದ್ರಿ?"

"ಇಕಿ ನಂಬರ್ ಓದಿದ್ಳು" ಎಂದ ಅಪ್ಪಣ್ಣ. "ನನಗ ಕಾಣೂದಿಲ್ಲ."

ಬೇರೆಯವರ ಮುಂದೆ, ಕನ್ನಡದಲ್ಲಿ, ಮೊದಲ ಸಲ ಅವನು ಆ ಮಾತು ಆಡಿದ. ಜಾಹ್ನವಿ ತಲೆ ತಗ್ಗಿಸಿದಳು.

"ಯಾವಾಗ ಗೊತ್ತಾತು ನಿನಗ?"

"ಮೊದಲನೇ ತಿಂಗಳೇ. ಟೀಮ್ ಶೀಟ್ ಉಲ್ಟಾ ಹಿಡ್ಕೊಂಡಿದ್ರಿ."

"ಹೇಳಬಾರದಾಗಿತ್ತೇನವಾ?"

"ಹೇಗೆ ಹೇಳ್ಲಿ? ನಮ್ ತಂದೆ ವಯಸ್ಸು ನಿಮ್ದು."

ಕೆಲಸ ಹೋದದ್ದಕ್ಕೆ ಆಕೆ ಯಾರನ್ನೂ ದೂರಲಿಲ್ಲ. ಇನ್ನೊಂದು ಹುಡುಕ್ತಾ ಇದೀನಿ, ಪರ್ಮಿಟ್ಟೇ ಮುಂದಿನ ವರ್ಷ ಇರುತ್ತೋ ಇಲ್ವೋ ಅಂತಾರೆ ಎಂದು ಗೌರಾದೇವಿಗೆ ಹೇಳಿದಳು, ಅಷ್ಟೇ. ಅಪ್ಪಣ್ಣನಿಗೆ ಎದೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಕ್ಷಮೆ ಕೇಳಬೇಕಾದವನು ಅದನ್ನೇ ಮೊದಲು ಕೇಳಿದ. ಜಂಬ ಸತ್ತರೂ ಅದರ ಬಾಲ ಅಲ್ಲಾಡುತ್ತಿರುತ್ತದೆ.

"ಆ ಗೋಲು... ನಾ ಮೂರು ಅಂತ ಅಷ್ಟು ಜೋರ ಒದರಿದ್ನಲ್ಲ. ಯಾಕ ಎಂಟು ಒತ್ತಿದಿ?"

ಜಾಹ್ನವಿ ನೆಲದ ಮೇಲೆ ಬಿದ್ದಿದ್ದ ಮಗನ ಪೆನ್ಸಿಲು ಎತ್ತಿಟ್ಟಳು.

"ಕೆಸರಲ್ಲಿ ನಂಗೆ ಎಂಟು ಅಂತ ಕಾಣ್ತು. ನಿಮ್ಮ ಮಾತು..." ಎಂದು ತಡೆದಳು. "ಸಾರಿ ಅಂಕಲ್. ನೀವು ಹೇಳೋದನ್ನ ನಾನು ಕೇಳೋದೇ ಬಿಟ್ಬಿಟ್ಟಿದ್ದೆ."

ಅಪ್ಪಣ್ಣ ತಿಂಗಳುಗಟ್ಟಲೆ ಗಂಟಲು ಹರಿಯುವ ಹಾಗೆ ಕೂಗಿದ್ದು, ಉಸಿರು ಕಟ್ಟಿ ಹೇಳಿದ್ದು, ಯಾವುದೂ ಯಾರ ಕಿವಿಗೂ ಬಿದ್ದಿರಲಿಲ್ಲ. ಆ 'ಮೂರು' ಒಂದಾದರೂ ಬಿದ್ದಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತೇನೋ. ಕೇಳಲಿಲ್ಲವೆಂದು ಆಕೆಯನ್ನು ದೂರುವ ಬಾಯಿ ಅವನಿಗಿರಲಿಲ್ಲ. ಬಸ್ ಸ್ಟಾಪಿನಲ್ಲಿ ಆಕೆ ಹೇಳಿದ್ದನ್ನು ಅವನು ಕೇಳಿದ್ದನೇ?

"ತಪ್ಪಾತು ತಂಗಿ" ಎಂದ. "ನಾ ಆ ಆಡಿಯೋ ತಗೀರಿ ಅನ್ನಬಾರದಿತ್ತು."

ಆಕೆ ಕಾಫಿ ಮಾಡಲು ಎದ್ದಳು. ಅಪ್ಪಣ್ಣ ಕತ್ತು ಓರೆ ಮಾಡಿ ಆಕೆ ಹೋಗುವುದನ್ನು ನೋಡಿದ. ಪರಾಗ್ವೆಯವನ ಎಡಗಾಲು ಗೊತ್ತಿದ್ದ ಅವನು ಪಕ್ಕದಲ್ಲೇ ಕೂತವಳ ನಡಿಗೆಯನ್ನು ಅಂದೇ ಮೊದಲು ಗಮನಿಸಿದ್ದು. ದಣಿದವರ ನಡಿಗೆ ಅದು, ಹೆಜ್ಜೆ ಸರಿಯಾಗಿ ಮೇಲೇಳುತ್ತಿರಲಿಲ್ಲ.

ಜಾಹ್ನವಿ ಎರಡು ಲೋಟ ತಂದಳು. ಗೌರಾದೇವಿಯದನ್ನು ಟೀಪಾಯಿಯ ಮೇಲಿಟ್ಟಳು. ಅಪ್ಪಣ್ಣನದನ್ನು ಅವನ ಕೈಗೇ ಕೊಟ್ಟು, ಬೆರಳು ಗಟ್ಟಿಯಾಗಿ ಹಿಡಿದಿದೆಯೇ ಎಂದು ನೋಡಿಕೊಂಡು ತನ್ನ ಕೈ ಬಿಟ್ಟಳು.